ಅರ್ಬಾಬರ ಮಳೆಪ್ಯಾಂಟು

"ಮಳೆಯೇ ಇಲ್ಲದ ಊರಲ್ಲಿ ಮಳೆಪ್ಯಾಂಟನ್ನು ಹೇಗೆ ಪರೀಕ್ಷೆ ಮಾಡ್ತಿ ಮಾರಾಯ? ಉಗಿದು ನೋಡ್ತೀಯಾ?" ಎಂದ ಲೆಸ್ಲಿ.

ಕೊಲ್ಲಿ ದೇಶದ ಗುದೈಬಿಯಾದಲ್ಲಿ, ಅಜ್ಮಲನ ಕೋಣೆಯ ಮಂಚದ ಮೇಲೆ ಎರಡು ಪ್ಯಾಂಟುಗಳು ಅಂಗಾತ ಮಲಗಿದ್ದವು. ಒಂದು ಟಾರ್ಪಾಲಿನಂತೆ ಸೆಟೆದುಕೊಂಡಿತ್ತು. ಇನ್ನೊಂದು ಮೈತುಂಬ ಒಣಗಿದೆಲೆಗಳ ಚಿತ್ರ ಹೊತ್ತು ಬೆಕ್ಕಿನ ಹಾಗೆ ಮೆತ್ತಗಿತ್ತು. ಸಂಜೆಯೊಳಗೆ ಒಂದನ್ನು ಆರಿಸಿ ಇನ್ನೊಂದನ್ನು ಅಂಗಡಿಗೆ ವಾಪಸು ಕೊಡಬೇಕು.

ಇದೆಲ್ಲ ಅವನ ಬಾಯಿ ತಂದಿಟ್ಟ ಫಜೀತಿ. ಪಕ್ಕದ ಸೆಗಯಾದಲ್ಲಿ ಕಾರಿನ ಬಿಡಿಭಾಗಗಳ ಅಂಗಡಿ ಇಟ್ಟಿದ್ದ ಅವನ ಅರ್ಬಾಬ್, ಅಂದರೆ ಯಜಮಾನ ಅಬು ರಾಶಿದ್, ಚಹಾದ ಹೊತ್ತಿಗೆ "ನಿಮ್ಮೂರು ಹೇಗೆ?" ಎಂದು ಕೇಳಿದರೆ ಸಾಕು, ಅಜ್ಮಲನಿಗೆ ಸುರತ್ಕಲ್ಲಿನ ಮಳೆ ನೆತ್ತಿಗೇರುತ್ತಿತ್ತು. ವರ್ಷವಿಡೀ ಮಳೆ, ಮನೆಯ ಸುತ್ತ ಕಾಡು, ಅಂಗಳಕ್ಕೇ ಬರುವ ಕಾಡುಕೋಣ. ಕೇಳಿದವರು ಕಾಲು ಒರೆಸಿಕೊಂಡೇ ಏಳಬೇಕು, ಅಷ್ಟು ಸುರಿಸುತ್ತಿದ್ದ. ಹೀಗಾಗಿ ಸ್ಕಾಟ್ಲೆಂಡಿಗೆ ಜಿಂಕೆ ಬೇಟೆಗೆ ಹೊರಟ ಅರ್ಬಾಬ್, "ನೀನು ಮಳೆಯಲ್ಲೇ ಹುಟ್ಟಿದವನು, ಪ್ಯಾಂಟು ನೀನೇ ಆರಿಸು. ಹರಿಯಬಾರದು, ಸೋರಬಾರದು, ಜಿಂಕೆಯ ಕಿವಿಗೆ ಬೀಳಬಾರದು. ಪ್ಯಾಂಟು ಸರಿಯಿದ್ದರೆ ನಿನ್ನ ರಜೆಯೂ ಸರಿ" ಎಂದುಬಿಟ್ಟರು.

ರಜೆ ತಂಗಿ ತಸ್ನೀಮಳ ನಿಕಾಹ್‌ಗೆ. ತಂದೆಯಿಲ್ಲದ ಮನೆ. ಮದುಮಗನ ಕೈಹಿಡಿದು ತಂಗಿಯನ್ನು ಒಪ್ಪಿಸಿಕೊಡಬೇಕಾದವನು ಅಜ್ಮಲನೇ. ಆದರೆ ಮಳೆಪ್ಯಾಂಟೆಂಬುದನ್ನು ಅವನು ಹುಟ್ಟಿದಮೇಲೆ ಹಾಕಿದವನಲ್ಲ. ಮಳೆ ಬಂದರೆ ಉಟ್ಟ ಮುಂಡನ್ನು ಮಂಡಿಯ ಮೇಲಕ್ಕೆ ಎತ್ತಿ ಕಟ್ಟುವುದು, ಕೊಡೆ ಬಿಡಿಸುವುದು. ಅವನು ಕಲಿತ ಮಳೆವಿದ್ಯೆ ಅಷ್ಟೇ.

"ಮೊದಲು ಶಬ್ದದ್ದು ನೋಡುವಾ" ಎಂದಳು ಲೆಸ್ಲಿಯ ಹೆಂಡತಿ ವಾಯೊಲೆಟ್. ಎದುರು ಫ್ಲ್ಯಾಟಿನವಳು, ಕರೆಯದೆಯೇ ಬಂದಿದ್ದಳು. "ನಾನು ಜಿಂಕೆ. ನೀನು ಹಿಂದಿನಿಂದ ಬಾ."

ವಾಯೊಲೆಟ್ ಕಾರಿಡಾರಿನ ತುದಿಯಲ್ಲಿ ಗೋಡೆಗೆ ಮುಖ ಮಾಡಿ ನಿಂತಳು. ಅಜ್ಮಲ್ ಸೆಟೆದ ಪ್ಯಾಂಟು ಏರಿಸಿ ಬೆರಳತುದಿಯಲ್ಲಿ ಒಂದು ಹೆಜ್ಜೆ ಇಟ್ಟ. ಹಪ್ಪಳದ ಡಬ್ಬಿ ಮೆಟ್ಟಿಲಿಳಿದ ಹಾಗೆ ಸದ್ದಾಯಿತು. ಪಕ್ಕದ ಬಾಗಿಲು ತೆರೆದು ಇಂಜಿನಿಯರ್ ಶ್ಯಾಮಸುಂದರ ಹೊರಬಂದರು.

"ಏನ್ರೀ ಇದು, ಸೀಲಿಂಗ್ ಬಿತ್ತಾ?"

"ಜಿಂಕೆ ಓಡಿತು" ಎಂದಳು ವಾಯೊಲೆಟ್, ತಿರುಗದೆಯೇ.

ಹೀಗೆ ಟಾರ್ಪಾಲು ಸೋತಿತು. ಉಳಿದದ್ದು ಮೆತ್ತನೆಯದು. ಮೈಸೂರಿನ ಶ್ಯಾಮಸುಂದರರು ಕನ್ನಡಕ ಸರಿಮಾಡಿಕೊಂಡು ಅದನ್ನು ಒಳಗಿನಿಂದ ಮಗುಚಿ ನೋಡಿದರು. "ಬಟ್ಟೆ ಸೋರಲ್ಲ ಅಜ್ಮಲ್. ಸೋರೋದು ಹೊಲಿಗೆ. ಒಳಗೆ ಟೇಪ್ ಹಾಕಿದಾರೆ, ಪರವಾಗಿಲ್ಲ. ಆದ್ರೆ ಪ್ರೆಶರ್ ಟೆಸ್ಟ್ ಮಾಡದೆ ನಾನಂತೂ ಯಾವುದನ್ನೂ ಪಾಸ್ ಮಾಡಲ್ಲ."

"ಅದನ್ನು ಪಾಸ್ ಮಾಡ್ಬೇಕಾದದ್ದು ನಾನಲ್ವಾ ಸಾರ್?"

"ತಂಗಿ ಮದುವೆ ನಿಮ್ಮದು, ಟೆಸ್ಟ್ ನಮ್ಮದು ಬಿಡಿ."

ಎಲ್ಲರೂ ತಾರಸಿಗೆ ಹೊರಟರು. ಅಜ್ಮಲ್ ಮೆತ್ತನೆಯದನ್ನು ಏರಿಸಿ, ಅದರಲ್ಲಿ ತೂಗುತ್ತಿದ್ದ ಅಂಗಡಿಯ ಚೀಟಿ ನೆನೆಯದಂತೆ ಒಂದು ಪ್ಲಾಸ್ಟಿಕ್ ಚೀಲ ಕಟ್ಟಿದ. ಮೊದಲು ವಾಯೊಲೆಟ್ ಅವನನ್ನು ತನ್ನ ಕಾಗದಹೂವಿನ ಮುಳ್ಳುಗಿಡಕ್ಕೆ ಉಜ್ಜಿಸಿದಳು. ಪ್ಯಾಂಟು ಹರಿಯಲಿಲ್ಲ, ಅಂಗೈ ಹರಿಯಿತು. ಬಳಿಕ ಶ್ಯಾಮಸುಂದರರು ಕಣಕಾಲಿನ ಪಟ್ಟಿಗಳನ್ನು ತಾವೇ ಕೂತು ಬಿಗಿದು, ನೀರು ತುಂಬಿದ ನೀಲಿ ಡ್ರಮ್ಮಿನೊಳಗೆ ಅವನನ್ನು ಇಳಿಸಿದರು.

ಡ್ರಮ್ಮಿನ ನೀರು ಸೊಂಟಕ್ಕಿಂತ ಮೇಲಿತ್ತು. ಅದನ್ನು ಇಂಜಿನಿಯರು ಲೆಕ್ಕ ಹಾಕಿರಲಿಲ್ಲ. ಡಿಸೆಂಬರಿನ ತಣ್ಣೀರು ಸೊಂಟಪಟ್ಟಿ ದಾಟಿ ಒಳಗಿಳಿಯಿತು. ಲೆಸ್ಲಿ ಕಂಕುಳಿಗೆ ಕೈಹಾಕಿ ಉಸ್ಸೆಂದು ಎತ್ತಿ ನಿಲ್ಲಿಸಿದಾಗ ಅಜ್ಮಲನ ಕಾಲುಗಳು ಆನೆಯ ಕಾಲುಗಳಾಗಿದ್ದವು. ಒಳಹೊಕ್ಕ ನೀರಿನ ಒಂದು ಹನಿಯೂ ಹೊರಬರಲಿಲ್ಲ.

"ಅದ್ಭುತ" ಎಂದು ಶ್ಯಾಮಸುಂದರರು ಮಂಡಿಯೂರಿ ಹೊಲಿಗೆಗೆ ಕಣ್ಣಿಟ್ಟರು. "ಹೊರಗಿನ ನೀರು ಒಳಗೆ ಬರಲ್ವಾ ಅಂತ ನೋಡಬೇಕಿತ್ತು. ಒಳಗಿಂದು ಹೊರಗೆ ಬರ್ತಿಲ್ಲ ಅಂದ್ರೂ ಲೆಕ್ಕ ಒಂದೇ. ಅಲುಗಬೇಡಿ."

"ಸಾರ್, ಚಳಿ."

"ಬೇಟೆ ಅಂದ್ಮೇಲೆ ಚಳಿ ಇರುತ್ತೆ ರೀ."

ಆಗಲೇ ಮೆಟ್ಟಿಲ ಬಾಗಿಲಲ್ಲಿ ಬಿಳಿಯ ನಿಲುವಂಗಿ ಕಾಣಿಸಿತು. ಫೋನು ಎತ್ತದ ಅಜ್ಮಲನನ್ನು ಹುಡುಕಿಕೊಂಡು ಸಾಕ್ಷಾತ್ ಅರ್ಬಾಬ್ ಮೇಲೆ ಬಂದಿದ್ದರು. ತಮ್ಮ ಹೊಸ ಪ್ಯಾಂಟಿನೊಳಗೆ ಕೊಳದಂತೆ ನಿಂತಿದ್ದ ನೌಕರನನ್ನು ಅವರು ಅಡಿಯಿಂದ ಮುಡಿಯವರೆಗೆ ನೋಡಿದರು. ಹೋಯಿತು ರಜೆ, ಎಂದುಕೊಂಡ ಅಜ್ಮಲ್. ನಿಕಾಹ್‌ನ ಚಾಪೆಯಲ್ಲಿ ತನ್ನ ಜಾಗ ಖಾಲಿ ಇರುವುದು ಕಣ್ಣಿಗೆ ಕಟ್ಟಿತು.

ಅರ್ಬಾಬ್ ಹತ್ತಿರ ಬಂದು ಒಂದು ತೊಡೆಯನ್ನು ಕಲ್ಲಂಗಡಿ ತಟ್ಟುವಂತೆ ತಟ್ಟಿದರು. "ಸೋರುವುದಿಲ್ಲ" ಎಂದರು, ತಮ್ಮ ಅಂಗಡಿ ಹಿಂದಿಯಲ್ಲಿ. "ಮಾಶಾಅಲ್ಲಾ. ಎಲ್ಲಿ ನಿನ್ನ ರಜೆಯ ಕಾಗದ?"

ಅಜ್ಮಲ್ ಅಂಗಿಯ ಜೇಬಿನ ಕಾಗದ ತೆಗೆದುಕೊಟ್ಟ. ಅರ್ಬಾಬ್ ಪೆನ್ನಿನ ಮುಚ್ಚಳ ತೆಗೆದರು. "ಸ್ಕಾಟ್ಲೆಂಡ್ ಖಲಾಸ್. ವೀಸಾ ತಡವಂತೆ. ನಾನೂ ಯೋಚಿಸಿದೆ, ಅಜ್ಮಲನ ಊರಿರುವಾಗ ಅಷ್ಟು ದೂರ ಯಾಕೆ? ನಿನ್ನ ವಿಮಾನದಲ್ಲೇ ನನಗೂ ಟಿಕೆಟ್ ಆಗಿದೆ. ಜೊತೆಗೆ ನನ್ನ ಮೂವರು ಅಳಿಯಂದಿರು. ನಿನ್ನ ಮನೆಯಲ್ಲೇ ಇರುತ್ತೇವೆ, ಮಳೆ ನೋಡುತ್ತೇವೆ, ಅಂಗಳದಲ್ಲೇ ಬೇಟೆಯಾಡುತ್ತೇವೆ."

ಡಿಸೆಂಬರಿನಲ್ಲಿ ಸುರತ್ಕಲ್ಲಿನಲ್ಲಿ ಸುರಿಯುವುದು ಬೆವರು ಮಾತ್ರ. ಬೇಟೆಯಾಡಿದರೆ ಅಳಿಯಂದಿರ ಸಮೇತ ಎಲ್ಲರೂ ಜೈಲಿಗೆ. ಅಂಗಳಕ್ಕೆ ಬರುವ ಪ್ರಾಣಿಯೆಂದರೆ ಪಕ್ಕದ ಮನೆಯ ಆಡು.

"ಅರ್ಬಾಬ್, ಅದು ಏನೆಂದರೆ..."

ಪೆನ್ನು ಕಾಗದದ ಮೇಲೆ ನಿಂತಿತು. "ಏನು? ನೀನು ಹೇಳಿದ್ದು ಸುಳ್ಳೇ?"

ಅಜ್ಮಲ್ ಪೆನ್ನಿನ ಮೊನೆಯನ್ನು ನೋಡಿದ. "ಇಲ್ಲ ಅರ್ಬಾಬ್" ಎಂದ. "ಮಳೆ ಸ್ವಲ್ಪ ಜಾಸ್ತಿಯೇ ಅಂತ ಹೇಳಲಿಕ್ಕೆ ಹೊರಟಿದ್ದೆ."

ಅರ್ಬಾಬ್ ಸಂತೋಷದಿಂದ ಸಹಿ ಹಾಕಿ, ಇಂಥದ್ದೇ ಇನ್ನೂ ಮೂರು ಪ್ಯಾಂಟು ತರಲು ಹೇಳಿ ಮೆಟ್ಟಿಲಿಳಿದು ಹೋದರು.

"ಮಳೆ ಎಲ್ಲಿಂದ ತರ್ತಿ ಮಾರಾಯ?" ಎಂದ ಲೆಸ್ಲಿ, ಮೆಲ್ಲಗೆ.

"ನಿಕಾಹ್‌ದು ಬಿರಿಯಾನಿ ನೋಡುದಾ, ಅವರಿಗೆ ಕಾಡುಕೋಣ ಹುಡುಕುದಾ?" ಎಂದಳು ವಾಯೊಲೆಟ್.

ಶ್ಯಾಮಸುಂದರರು ಗಡ್ಡ ಕೆರೆದುಕೊಂಡರು. "ಟ್ಯಾಂಕರ್ ನೀರು, ಹೆಂಚಿನ ಮೇಲೊಂದು ಪೈಪು. ಟೆಸ್ಟ್ ಮಾಡಿ ನೋಡಬಹುದು."

ಅಜ್ಮಲ್ ಇದ್ದಲ್ಲೇ ಕುಸಿದು ಕೂತ. ಕಾಲಲ್ಲಿದ್ದ ನೀರೆಲ್ಲ ಬೇರೆ ದಾರಿ ಕಾಣದೆ ಸೊಂಟದಿಂದ ಬುಳಕ್ಕೆಂದು ಮೇಲಕ್ಕೆ ಉಕ್ಕಿ, ಅವನ ಅಂಗಿಯನ್ನು ಕಾಲರಿನ ತನಕ ತೋಯಿಸಿತು.