ಕಾಣೆಯಾದವಳ ಗುರುತು

ತಮ್ಮ ಕಣ್ಣೆದುರು ಒಂದು ನರಪಿಳ್ಳೆಯೂ ಕಳೆದುಹೋಗಲು ಸಾಧ್ಯವಿಲ್ಲ ಎಂಬುದು ಸೇಫ್ಟಿ ಸಾಹೇಬರ ಘೋಷಣೆ. ಟೈರು ಕಾರ್ಖಾನೆಯಲ್ಲಿ ಅವರು ಸುರಕ್ಷತಾ ಅಧಿಕಾರಿ. ಆಗಾಗ ಸುಳ್ಳು ಸೈರನ್ ಕೂಗಿಸಿ, ಕೆಲಸಗಾರರನ್ನೆಲ್ಲ ಬಿಸಿಲಿಗೆ ಓಡಿಸಿ, ತಲೆ ಎಣಿಸಿ ವಾಪಸು ಕಳಿಸುತ್ತಿದ್ದರು. ದುರದೃಷ್ಟಕ್ಕೆ ಇಲ್ಲಿಯವರೆಗೆ ಯಾರೂ ಕಾಣೆಯಾಗಿರಲಿಲ್ಲ. ಕಲಿತ ವಿದ್ಯೆಯೆಲ್ಲ ತುಕ್ಕು ಹಿಡಿಯುತ್ತಿದೆಯಲ್ಲ ಎಂಬ ಕೊರಗು ಅವರನ್ನು ಒಳಗೊಳಗೇ ತಿನ್ನುತ್ತಿತ್ತು.

ಹೊಸ ಬಾಡಿಗೆ ಮನೆಗೆ ಬಂದು ವಾರವಾಗಿತ್ತಷ್ಟೆ. ಭಾನುವಾರ ಬೆಳಿಗ್ಗೆ ಸಾಹೇಬರು ಊಟದ ಮೇಜಿನ ಮೇಲೆ ಕಟ್ಟಡದ ನಕ್ಷೆ ಹರಡಿಕೊಂಡು, ಬೆಂಕಿ ಬಿದ್ದರೆ ಯಾರು ಯಾವ ಮೆಟ್ಟಿಲಿಳಿಯಬೇಕೆಂದು ಬಾಣದ ಗುರುತು ಹಾಕುತ್ತಿದ್ದರು.

“ರೀ, ಹಿಂದಿನ ಬ್ಲಾಕಿನ ಅಜ್ಜಿಗೆ ಕಣ್ಣಿನ ಆಪರೇಷನ್ ಆಗಿದೆ. ಮಗಳು ಊರಲ್ಲಿಲ್ವಂತೆ. ಸಂಜೆವರೆಗೂ ಅವರ ಜೊತೆ ಇದ್ದು ಬರ್ತೀನಿ. ಕೇಳಿಸ್ತಾ?” ಎಂದಳು ಹೆಂಡತಿ.

“ಹ್ಞೂಂ.”

“ಅಡುಗೆ ಮುಚ್ಚಿಟ್ಟಿದೀನಿ.”

“ಹ್ಞೂಂ.”

ಸಾಹೇಬರ ಹ್ಞೂಂಕಾರಕ್ಕೂ ಅವರ ಕಿವಿಗೂ ಯಾವ ಸಂಬಂಧವೂ ಇರಲಿಲ್ಲ. ಎರಡೂ ಬೇರೆ ಬೇರೆ ಇಲಾಖೆಗಳು.

ಮಧ್ಯಾಹ್ನ ಹೊಟ್ಟೆ ಚುರುಗುಟ್ಟಿ ತಲೆಯೆತ್ತಿದರೆ ಹೆಂಡತಿಯಿಲ್ಲ! ಕೂಗಿದರು. ಫೋನ್ ಮಾಡಿದರು, ಅದು ದಿಂಬಿನ ಕೆಳಗೇ ಗುಂಯ್‌ಗುಟ್ಟಿತು. ಮೊದಲು ಗಾಬರಿಯಾಯಿತು. ಅದರ ಹಿಂದೆಯೇ, ಹೇಳಿಕೊಳ್ಳಲು ನಾಚಿಕೆಯಾಗುವಂಥ ಉತ್ಸಾಹವೂ ಬಂತು. ಹೆಲ್ಮೆಟ್ ಹಾಕಿಕೊಂಡು, ಊಟದ ಮೇಜನ್ನು ಗೇಟಿನ ಬಳಿಗೆ ಸಾಗಿಸಿ, ಅದಕ್ಕೆ ‘ನಿಯಂತ್ರಣ ಕೇಂದ್ರ’ ಎಂದು ನಾಮಕರಣ ಮಾಡಿದರು.

“ಯಾರೂ ಹೆದರಬೇಡಿ. ಕತ್ತಲಾಗೋದ್ರೊಳಗೆ ಹುಡುಕಿ ತಂದು ನಿಲ್ಲಿಸ್ತೀನಿ. ಇಲ್ಲಾಂದ್ರೆ ಈ ಹೆಲ್ಮೆಟ್ ಇನ್ಯಾವತ್ತೂ ಮುಟ್ಟಲ್ಲ,” ಎಂದು, ಹೆದರಿಯೇ ಇರದ ಅಕ್ಕಪಕ್ಕದವರಿಗೆಲ್ಲ ಧೈರ್ಯ ತುಂಬಿದರು.

“ಗುರುತು ಹೇಳಿ ಸಾರ್, ನಾವ್ಯಾರೂ ಅವರನ್ನ ನೋಡಿಲ್ಲ,” ಎಂದರು ಎದುರುಮನೆಯ ನಿವೃತ್ತ ಮೇಷ್ಟ್ರು.

ಸಾಹೇಬರು ಕಣ್ಣು ಮುಚ್ಚಿ ನೆನಪಿಸಿಕೊಂಡರು. “ಕಡ್ಡಿಯಂಥ ಮೈ. ಸೊಂಟ ದಾಟೋ ಜಡೆ. ಮಾತು ಕಮ್ಮಿ. ಸ್ವಲ್ಪ ಗದರಿದ್ರೂ ಅತ್ತುಬಿಡ್ತಾಳೆ.”

“ಬಟ್ಟೆ?”

“ಬಟ್ಟೆ... ಹಾಕ್ಕೊಂಡಿದಾಳೆ.”

ಇಷ್ಟು ಕೇಳಿದ ಮೇಲೆ ಮೇಷ್ಟ್ರ ಬಾಯಲ್ಲಿ ‘ಹೆಂಡತಿ’ ಹೋಗಿ ‘ಪಾಪದ ಹುಡುಗಿ’ ಆಯಿತು. ನೆರೆಹೊರೆಯವರು ಬೀದಿ ಬೀದಿ ಜಾಲಾಡಿದರು. ಹಿಂದಿನ ಬ್ಲಾಕನ್ನು ಸಾಹೇಬರು ಕೊನೆಗಿಟ್ಟುಕೊಂಡಿದ್ದರು. ಅಲ್ಲಿ ತಮಗೇ ಯಾರ ಪರಿಚಯವೂ ಇಲ್ಲ, ಹೆಂಡತಿಗೆ ಹೇಗೆ ಇದ್ದೀತು ಎಂಬುದು ಅವರ ತರ್ಕ.

ಸಂಜೆ ಮೇಷ್ಟ್ರು ಅಲ್ಲಿಗೆ ಹೋದಾಗ ಅಜ್ಜಿಯ ಮನೆಯಿಂದ ಒಬ್ಬ ಹೆಂಗಸು ಹೊರಬಂದಳು. ತುಂಬಿದ ಮೈ, ಕುತ್ತಿಗೆಯವರೆಗೆ ಕತ್ತರಿಸಿದ ಕೂದಲು, ಕಂಚಿನ ಕಂಠ. ಗುರುತುಗಳನ್ನೆಲ್ಲ ಕೇಳಿಸಿಕೊಂಡು ಮರುಗಿದಳು.

“ಅಯ್ಯೋ ಪಾಪ, ಯಾರು ಹೆತ್ತ ಮಗುವೋ! ನೀವು ಹೀಗೆ ಬೊಬ್ಬೆ ಹೊಡೆದ್ರೆ ಆ ಹುಡುಗಿ ಇನ್ನೂ ಅವಿತುಕೊಳ್ಳುತ್ತೆ. ಬನ್ನಿ ನನ್ನ ಜೊತೆ.”

ಆಕೆ ಪಂಪ್ ರೂಮಿಗೆ ನುಗ್ಗಿದಳು, ತಾರಸಿ ಹತ್ತಿದಳು, ಬೀಗದ ಕೈ ಕೊಡಲು ತಡಮಾಡಿದ ವಾಚ್‌ಮನ್‌ಗೆ ಚಳಿ ಬಿಡಿಸಿದಳು. ನಿಜವಾದ ಅಧಿಕಾರಿ ಎಂದರೆ ಈಕೆ ಎಂದು ಮೇಷ್ಟ್ರಿಗೆ ಅನ್ನಿಸಿತು.

ಇತ್ತ ಗೇಟಿನ ಬಳಿ ಸಾಹೇಬರ ಉತ್ಸಾಹ ಪೂರ್ತಿ ಇಳಿದಿತ್ತು. ನಕ್ಷೆಯಲ್ಲಿ ಹುಡುಕದ ಜಾಗವೇ ಉಳಿದಿರಲಿಲ್ಲ. ಅವಳಿಲ್ಲದ ಮನೆಗೆ ಮೆಟ್ಟಿಲು ಹತ್ತುವುದು ಹೇಗೆ ಎಂದು ಯೋಚಿಸಿ ಅವರಿಗೆ ನಿಜಕ್ಕೂ ಭಯವಾಯಿತು. ಕಣ್ಣು ಒದ್ದೆಯಾದದ್ದು ಯಾರಿಗೂ ಕಾಣಬಾರದೆಂದು ನಕ್ಷೆಯ ಮೇಲೆ ಇನ್ನಷ್ಟು ಬಗ್ಗಿದರು.

“ಪಂಪ್ ರೂಮಲ್ಲಿಲ್ಲ, ತಾರಸೀಲೂ ಇಲ್ಲ,” ಎಂದಿತೊಂದು ಹೆಣ್ಣುದನಿ.

“ಹ್ಞೂಂ. ಇನ್ನೊಂದ್ಸಲ ನೋಡಿ.”

“ರೀ! ನಮ್ಮನೆ ಮೇಜು ಹಾಕ್ಕೊಂಡು ಇಲ್ಲೇನ್ ಮಾಡ್ತಿದೀರಿ? ಕಳೆದುಹೋಗಿರೋದು ಯಾರು?”

“ನನ್ನ ಹೆಂಡತಿ,” ಎಂದರು ಸಾಹೇಬರು, ತಲೆಯೆತ್ತದೆ.

ಆಮೇಲೆ ಎತ್ತಿದರು. ಮೇಷ್ಟ್ರು ಆಕೆಯನ್ನೊಮ್ಮೆ, ಹೆಲ್ಮೆಟ್ಟನ್ನೊಮ್ಮೆ ನೋಡಿ, ಮೆಲ್ಲಗೆ ಕೇಳಿದರು:

“ಹಾಗಾದ್ರೆ ಹುಡುಕೋದು ನಿಲ್ಲಿಸೋಣ್ವೇನಮ್ಮಾ?”

“ಯಾಕೆ ನಿಲ್ಲಿಸ್ತೀರಿ ಮೇಷ್ಟ್ರೇ? ನೀವು ಹೇಳಿದ ಹುಡುಗಿ ಕಾಣೆಯಾಗಿ ಎಷ್ಟೋ ವರ್ಷ ಆಯ್ತು. ಇವರಿಗೆ ಇವತ್ತು ಗೊತ್ತಾಗಿದೆ, ಅಷ್ಟೆ.”