ಒಂದೇ ಸಲಕ್ಕೆ ಆರು ದೋಸೆ

ಒಂಟಿ ಗಂಡಸು ದೊಡ್ಡ ಪಾತ್ರೆ ಕೊಳ್ಳಲು ಹೋಗಬಾರದು. ಹೋದರೂ ಅಂಗಡಿಯವರು ಕೇಳಿದ್ದಕ್ಕೆ ನಿಜ ಹೇಳಬಾರದು. ಜಯನಗರ ನಾಲ್ಕನೇ ಬ್ಲಾಕಿನ ಅಂಗಡಿಯೊಂದರಲ್ಲಿ ನಾನು ಎರಡೂ ತಪ್ಪು ಮಾಡಿದೆ. "ದೊಡ್ಡ ಕರೆಂಟ್ ತವಾ ತೋರಿಸಿ" ಎಂದೆ. "ಮನೇಲಿ ಎಷ್ಟು ಜನ ಸಾರ್?" ಎಂದರು. "ನಾನೊಬ್ಬನೇ" ಎಂದೆ. ಅಂಗಡಿಯವರು ಒಳಗೆ ಹೋಗಿ ಅಂಗೈಯಗಲದ್ದೊಂದನ್ನು ತಂದಿಟ್ಟು, "ಒಂದು ಆಮ್ಲೆಟ್‌ಗೆ ಸಖತ್ತಾಗಿದೆ ಸಾರ್" ಎಂದರು. ನಮ್ಮ ಮನೆಗೆ ಮೊಟ್ಟೆ ತರುವುದಿಲ್ಲ, ಆ ಮಾತು ಬೇರೆ. "ಇದಲ್ಲ, ಹದಿನೈದು ಜನಕ್ಕೆ ಆಗೋ ಅಂಥದ್ದು" ಎಂದೆ. ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ, "ಕೇಟರಿಂಗಾ ಸಾರ್?" ಎಂದರು.

ಕೇಟರಿಂಗ್ ಅಲ್ಲ, ಭಾನುವಾರ. ಅಂಗಡಿಯಲ್ಲಿ ನಿಂತು ಇದನ್ನೆಲ್ಲ ಬಿಡಿಸಿ ಹೇಳಲಾಗಲಿಲ್ಲ, ನಿಮಗೆ ಹೇಳುತ್ತೇನೆ. ನನ್ನ ಹೆಂಡತಿ ಸರೋಜ ಇದ್ದಷ್ಟು ಕಾಲ ಬನಶಂಕರಿಯ ನಮ್ಮ ಮನೆಯಲ್ಲಿ ಭಾನುವಾರ ಬೆಳಿಗ್ಗೆ ದೋಸೆ. ಹೊಸಕೆರೆಹಳ್ಳಿಯಿಂದ ಅವಳ ತಂಗಿ ವಿಮಲ, ಮಗಳು, ಅಳಿಯ, ಮೊಮ್ಮಕ್ಕಳ ಸಮೇತ ಬರುತ್ತಿದ್ದಳು. ಬಿಳೇಕಹಳ್ಳಿಯಿಂದ ನನ್ನ ತಮ್ಮನ ಸಂಸಾರ. ಜೊತೆಗೆ ಕರೆಯದೆಯೇ ಬರುವ ಎದುರುಮನೆಯವರು. ಹಿಟ್ಟು ರುಬ್ಬುವುದು ನನ್ನ ಕೆಲಸ, ಹುಯ್ಯುವುದು ಅವಳದು. ಅವಳು ಹೋದ ಮೇಲೆ ಮೊದಲ ವರ್ಷ ತಿಂಗಳು ತಿಂಗಳೂ ಮಾಸಿಕವಿತ್ತು, ಎಲ್ಲರೂ ಬಂದರು. ವರ್ಷಾಬ್ದಿಕ ಮುಗಿಯಿತು, ಬರುವುದಕ್ಕೊಂದು ಕಾರಣವೂ ಮುಗಿಯಿತು. ನನಗೆ ಯಾರ ಮೇಲೂ ಸಿಟ್ಟಿಲ್ಲ. "ನಿಮಗ್ಯಾಕೆ ತೊಂದ್ರೆ ಭಾವ" ಎಂದು ವಿಮಲ ಫೋನಿನಲ್ಲೇ ಮುಗಿಸುತ್ತಿದ್ದಳು. ಭಾನುವಾರದ ಮನೆ ಎಷ್ಟು ನಿಶ್ಶಬ್ದವಾಗಿರುತ್ತಿತ್ತೆಂದರೆ, ಫ್ರಿಜ್ಜು ಗುರ್ರೆಂದರೆ ನಾನು "ಏನು?" ಎಂದು ಕೇಳಿದ್ದುಂಟು. ನನಗೆ ಆ ಜನ ಬೇಕಿತ್ತು. ತೊಂದರೆಯೇನೂ ಇಲ್ಲವೆಂದು ಅವರಿಗೆ ತೋರಿಸಲು ದೊಡ್ಡ ತವಾ ಬೇಕಿತ್ತು.

ಆದರೆ ಆರಿಸುವುದು ಸುಲಭವಲ್ಲ. ಹೆಣ್ಣು ನೋಡಲು ಹೋದಾಗ ನನಗೆ ತೋರಿಸಿದ್ದು ಒಬ್ಬಳನ್ನೇ, ಒಪ್ಪಿಕೊಂಡು ಬಂದಿದ್ದೆ. ಇಲ್ಲಿ ಸಾಲಾಗಿ ಇಟ್ಟಿದ್ದರು. ಒಂದು ಗುಂಡಗೆ, ಒಂದು ಚೌಕ. ಒಂದಕ್ಕೆ ಗಾಜಿನ ಮುಚ್ಚಳ, ಇನ್ನೊಂದು ನಡುವೆ ಮಾತ್ರ ಕಾಯುತ್ತದಂತೆ. ಸರೋಜ ಆಗಿದ್ದರೆ ಬೆರಳಿನಿಂದ ತಟ್ಟಿ ನೋಡಿ "ಬೇಡ" ಅನ್ನುತ್ತಿದ್ದಳು. ನಾನೂ ತಟ್ಟಿದೆ, ಏನೂ ತಿಳಿಯಲಿಲ್ಲ. ಕೊನೆಗೆ ಎರಡು ಬದಿಯನ್ನೂ ಬೇರೆಬೇರೆಯಾಗಿ ಕಾಯಿಸಲು ಎಡಕ್ಕೊಂದು ಬಲಕ್ಕೊಂದು ನಾಬ್ ಇದ್ದ, ಒಂದೇ ಸಲಕ್ಕೆ ಆರು ದೋಸೆ ಹಿಡಿಸುವ ಚೌಕದ ತವಾ ಹೊತ್ತು ತಂದೆ. ಅದರ ದಪ್ಪ ಪ್ಲಗ್ಗು ಅಡುಗೆಮನೆಯ ಯಾವ ಸಾಕೆಟ್ಟಿಗೂ ಹೋಗಲಿಲ್ಲ. ಹೋಗುವಂಥದ್ದು ಇದ್ದದ್ದು ವಾಷಿಂಗ್ ಮೆಷೀನಿನ ಪಕ್ಕದಲ್ಲಿ. ಊಟದ ಮೇಜನ್ನು ಅಲ್ಲಿಗೇ ಎಳೆದೆ.

ಹೊಸ ತವಾ ಬಂದಿದೆ, ನನಗೇನೂ ತೊಂದರೆಯಿಲ್ಲ ಎಂದು ಎಲ್ಲರಿಗೂ ಫೋನ್ ಮಾಡಿದೆ. ಆ ಭಾನುವಾರ ಎಲ್ಲರೂ ಬಂದರು. ಆರು ಸೌಟು ಹುಯ್ದೆ, ಆರು ತಟ್ಟೆಗೆ ಹಾಕಿದೆ, ಮತ್ತೆ ಆರು. "ಸೂಪರ್ ಭಾವ!" ಎಂದಳು ವಿಮಲ. ಎಲ್ಲರೂ ಒಟ್ಟಿಗೆ ತಿಂದರು, ಒಟ್ಟಿಗೆ ಕೈ ತೊಳೆದರು, ಒಟ್ಟಿಗೆ ಎದ್ದರು. ಹತ್ತೂವರೆಗೆಲ್ಲ ಚಪ್ಪಲಿ ಹುಡುಕುತ್ತಿದ್ದರು. "ಎಷ್ಟು ಬೇಗ ಆಗೋಯ್ತು ನೋಡೋ ಅಣ್ಣ!" ಎಂದು ತಮ್ಮ ಮೆಚ್ಚಿಕೊಂಡ. ಗೇಟಿನಲ್ಲಿ ನಿಂತು ಅವರನ್ನು ಕಳಿಸುವಾಗ ನನಗೆ ಅಳು ಬಂತು. ಸರೋಜಳದು ಒಂದೇ ಕಾವಲಿ. ದೋಸೆ ಒಂದೊಂದಾಗಿಯೇ ಬರುತ್ತಿತ್ತು. ಒಂದು ತಿಂದವರು ಇನ್ನೊಂದಕ್ಕೆ ಕಾಯಬೇಕು, ಕಾಯುವವರು ಮಾತಾಡಲೇಬೇಕು. "ನಂದೆಲ್ಲಿ?" ಎಂಬ ಜಗಳ, ನಡುವೆ ಕಾಫಿ, ಯಾರದೋ ಮಗಳಿಗೆ ಗಂಡು ಹುಡುಕುವುದು, ಹೀಗೇ ಮಧ್ಯಾಹ್ನವಾಗುತ್ತಿತ್ತು. ಅವರು ಬರುತ್ತಿದ್ದದ್ದು ದೋಸೆಗೆ ನಿಜ, ಉಳಿಯುತ್ತಿದ್ದದ್ದು ದೋಸೆ ಇನ್ನೂ ಬಂದಿಲ್ಲವೆಂದು. ಅದನ್ನು ನಾನು ಕೈಯಾರೆ ಹಾಳು ಮಾಡಿಕೊಂಡಿದ್ದೆ.

ಮುಂದಿನ ಭಾನುವಾರ ಬಲಗಡೆಯ ನಾಬ್ ಮುಟ್ಟಲೇ ಇಲ್ಲ. "ಈ ಕಡೆ ಕಾಯ್ತಾನೇ ಇಲ್ಲ, ಕೆಟ್ಟೋಗಿದೆ" ಎಂದು ಹಸಿಹಸಿ ಸುಳ್ಳು ಹೇಳಿ, ಎಡಗಡೆ ಒಂದೇ ಒಂದು ದೊಡ್ಡ ದೋಸೆ ಹುಯ್ದೆ. "ಹೊಸಾದಲ್ವಾ ಭಾವ, ವಾರಂಟಿ ಇರತ್ತೆ, ಕಂಪ್ಲೇಂಟ್ ಕೊಡಿ" ಎಂದಳು ವಿಮಲ. ಅವಳ ಅಳಿಯ ಪ್ರಶಾಂತ ಎಲೆಕ್ಟ್ರಿಕಲ್ ಎಂಜಿನಿಯರು, ಇಂಥವರು ಸುಮ್ಮನೆ ಕೂರುವವರಲ್ಲ. "ತಡೀರಿ ಅಂಕಲ್, ನಾನು ನೋಡ್ತೀನಿ" ಎಂದು ಎದ್ದು ಬಂದು ಬಲಗಡೆಯ ನಾಬ್ ತಿರುಗಿಸಿದ. ತವಾದ ಮೇಲೆ ಅಂಗೈ ಹಿಡಿದು ನಿಂತ. ಬಿಸಿ ತಗುಲಿತೆಂದು ಅವನ ಮುಖವೇ ಹೇಳಿತು. ನನ್ನ ಕಡೆ ನೋಡಿದ. ನಾನು ಚಟ್ನಿ ಪಾತ್ರೆ ನೋಡುತ್ತಾ ನಿಂತೆ.

ಪ್ರಶಾಂತ ಸದ್ದಾಗದಂತೆ ನಾಬ್ ಹಿಂದಕ್ಕೆ ತಿರುಗಿಸಿದ. "ಹೌದು, ಕಾಯಿಲ್ ಹೋಗಿದೆ. ಇದ್ರ ಪಾರ್ಟ್ಸ್ ಎಲ್ಲೂ ಸಿಗಲ್ಲ. ಒಂದೊಂದಾಗೇ ಮಾಡ್ಕೋಬೇಕು ಅಂಕಲ್" ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಖಾಲಿ ತಟ್ಟೆ ಹಿಡಿದು ಎಲ್ಲರಿಗಿಂತ ಹಿಂದೆ ಹೋಗಿ ಕುಳಿತ.

ಪಾಪ, ಅವನಿಗೆ ದೋಸೆ ಸಿಕ್ಕಿದ್ದು ಹನ್ನೆರಡಕ್ಕೆ. ಅದೂ ಸೀದುಹೋಗಿತ್ತು. ಮಾತಿನ ಭರದಲ್ಲಿ ನಾನು ಮಗುಚಿ ಹಾಕುವುದನ್ನೇ ಮರೆತಿದ್ದೆ.