ಓಟಕ್ಕೆ ಮುಂಚೆ ಮಾದಲಿ

"ಅವ್ವಾ, ಪಪ್ಪಾನ ಬೆನ್ನ ಯಾರ ಹತ್ಯಾರ?"

ನಾಲ್ಕು ವರ್ಷದ ಮಗಳು ಕಿಟಕಿಗೆ ಮೂಗು ಹಚ್ಚಿ ಕೇಳಿದಾಗ ಸುಕನ್ಯಾ ರೊಟ್ಟಿ ಬಡಿಯುವುದನ್ನು ಬಿಟ್ಟು ಹೊರಗೆ ನೋಡಿದಳು. ಮಾಳಮಡ್ಡಿಯ ಆ ಓಣಿಯಲ್ಲಿ ಅವಳ ಗಂಡ ಬಸವಪ್ರಭು ಹೊಸ ಬೂಟು ಹಾಕಿಕೊಂಡು ಆ ತುದಿಯಿಂದ ಈ ತುದಿಗೆ ಧಾವಿಸುತ್ತಿದ್ದ. ಬೆನ್ನು ಹತ್ತಿದವರು ಯಾರೂ ಇರಲಿಲ್ಲ. ಓಣಿಯ ನಾಯಿ ಕೂಡ ಒಮ್ಮೆ ತಲೆ ಎತ್ತಿ ನೋಡಿ ಮತ್ತೆ ಮಲಗಿತ್ತು.

"ರವಿವಾರ ಐದು ಕಿಲೋಮೀಟರ್ ಓಟ! ಶಶಿಕುಮಾರನ್ನ ಹಿಂದ ಹಾಕಲಿಲ್ಲಂದ್ರ ನನ್ನ ಹೆಸರು ಬಸವಪ್ರಭು ಅಲ್ಲ!" ಆತ ಏದುಸಿರಿನಲ್ಲೇ ಪ್ರತಿಜ್ಞೆ ಘೋಷಿಸಿದ.

ಶಶಿಕುಮಾರ ಆಫೀಸಿನಲ್ಲಿ ಪಕ್ಕದ ಮೇಜಿನವ. ಇಬ್ಬರೂ ಪಂಥ ಕಟ್ಟಿದ್ದರು: ಸೋತವನು ಗೆದ್ದವನನ್ನು ಇಡೀ ಒಂದು ವರ್ಷ, ಎಲ್ಲರೆದುರು, 'ಗುರುಗಳೇ' ಎಂದು ಕರೆಯಬೇಕು. ಆಫೀಸಿಗೆ ಆಫೀಸೇ ಸಾಕ್ಷಿ!

ಅಲ್ಲಿಂದ ಮನೆಯಲ್ಲಿ ಮಹಾಪ್ರಶ್ನೆಯೊಂದು ಎದ್ದಿತು. ಓಡುವ ಮುಂಚೆ ತಿನ್ನಬೇಕೋ, ಬೇಡವೋ? ಮೊಬೈಲಿನಲ್ಲಿ ಯಾರೋ ದಾಂಡಿಗ ಖಾಲಿ ಹೊಟ್ಟೆಯೇ ಶ್ರೇಷ್ಠ ಎಂದಿದ್ದ. ಬಸವಪ್ರಭುವಿಗೆ ಅದು ವೇದವಾಕ್ಯ.

"ಒಂದು ಬಾಳಿಹಣ್ಣರ ತಿನ್ರಿ. ಗಾಡಿಗೂ ಪೆಟ್ರೋಲ್ ಬೇಕಲ್ರಿ," ಎಂದಳು ಸುಕನ್ಯಾ.

"ನಿನಗ ವಿಜ್ಞಾನ ತಿಳಿಯೂದಿಲ್ಲ. ಸುಮ್ನಿರು."

ಬಿ.ಎಸ್ಸಿ. ಓದಿದ್ದು ಅವಳು. ಆತ ಬಿ.ಕಾಂ. ಅವಳು ರೊಟ್ಟಿ ಬಡಿಯಲು ಹೋದಳು.

ಅತ್ತೆ ರತ್ನವ್ವ ಸುಮ್ಮನಾಗುವ ಪೈಕಿ ಅಲ್ಲ. "ಖಾಲಿ ಹೊಟ್ಟೀಲೆ ನನ್ನ ಮಗಾ ಹೊಸ್ತಿಲಾ ದಾಟಂಗಿಲ್ಲ! ನಸುಕಿನ್ಯಾಗ ಎದ್ದು ಉಪ್ಪಿಟ್ಟು ಮಾಡ್ತೇನಿ."

ಬಸವಪ್ರಭು ಬ್ರಹ್ಮಾಸ್ತ್ರ ಹೊರತೆಗೆದ. "ಅವ್ವಾ, ಜಳಕಾ ಇಲ್ಲದ, ಲಿಂಗಪೂಜಿ ಇಲ್ಲದ ನಾ ಬಾಯಾಗ ಏನೂ ಹಾಕೂದಿಲ್ಲ. ಅಷ್ಟ ನಸುಕಿನ್ಯಾಗ ಪೂಜಿಗೆ ವ್ಯಾಳ್ಯಾ ಎಲ್ಲೈತಿ?"

ಸುಕನ್ಯಾ ಬೆಕ್ಕಸ ಬೆರಗಾದಳು. ಈ ಮನುಷ್ಯ ದಿನಾ ಹಾಸಿಗೆಯಲ್ಲೇ ಚಹಾ ಕುಡಿಯುವವ! ಪೂಜೆಗೆ ಕೂತದ್ದನ್ನು ಅವಳು ಕಂಡದ್ದು ಮದುವೆಯ ವಿಡಿಯೋದಲ್ಲಿ ಮಾತ್ರ! ರತ್ನವ್ವನ ಕಣ್ಣುಗಳಂತೂ ತುಂಬಿ ಬಂದವು. ಹತ್ತು ವರ್ಷ ಬೈದರೂ ಬಾರದ ಭಕ್ತಿ ತಾನಾಗಿ ನಡೆದು ಬಂದಿತ್ತು.

"ನನ್ನಪ್ಪಾ, ವ್ಯಾಳ್ಯಾದ ಚಿಂತಿ ನನಗ ಬಿಡು!" ಎಂದು ಮಗನ ಗಲ್ಲ ಸವರಿ ಲಟಿಕೆ ಮುರಿದಳು.

ರವಿವಾರ ಮೂರೂವರೆಗೆ ಚಾದರ ಹಾರಿತು. "ಏಳ ಪ್ರಭೂ, ನೀರು ಕಾದಾವ." ಜಳಕವಾಯಿತು. ಮಣೆ, ವಿಭೂತಿ, ಪತ್ರಿ, ದೀಪ ಎಲ್ಲ ಸಜ್ಜಾಗಿತ್ತು. ಪೂಜೆಯೂ ಆಯಿತು. ಆಮೇಲೆ ಬಂತು ನೋಡಿ ಪ್ರಸಾದ! ತಾಟಿನ ತುಂಬ ಗೋದಿ-ಬೆಲ್ಲದ ಸಿಹಿಪುಡಿ ಮಾದಲಿ, ಅದರ ಮೇಲೆ ಹಾಲು, ಹಾಲಿನ ಮೇಲೆ ತುಪ್ಪದ ಕೆರೆ!

"ಅವ್ವಾ, ಒಂದು ಚಮಚಾ ಸಾಕಬೇ."

"ಪ್ರಸಾದ ತಾಟಿನ್ಯಾಗ ಬಿಡಬಾರದಪಾ. ಇಷ್ಟು ನೇಮದ ಮನಶ್ಯಾಗ ಅದನ್ನೂ ನಾ ಹೇಳಬೇಕೇನು?"

ನೇಮದ ಮನುಷ್ಯ ಸಹಾಯಕ್ಕಾಗಿ ಹೆಂಡತಿಯತ್ತ ನೋಡಿದ. "ತಾಟು ತೊಳದು ಕುಡೀಬೇಕ್ರಿ," ಎಂದು ಅವಳು ನೀರಿನ ತಂಬಿಗೆ ಮುಂದಿಟ್ಟಳು.

ಐದೂವರೆಗೆ ಓಟ ಶುರುವಾಯಿತು. ಮೊದಲ ಕಿಲೋಮೀಟರಿಗೆ ಮಾದಲಿ ಎಚ್ಚರವಾಯಿತು. ಎರಡನೆಯದಕ್ಕೆ ಹಾಲು ಮಾತಾಡಿತು. ಸಪ್ತಾಪುರದ ಏರಿನಲ್ಲಿ ತುಪ್ಪ ಬಂಡೆದ್ದಿತು! ಮಗಳನ್ನು ಕೂರಿಸಿಕೊಂಡು ಸ್ಕೂಟರಿನಲ್ಲಿ ಹಿಂದೆಯೇ ಬಂದ ಸುಕನ್ಯಾಗೆ, ಬಾಗಿಲು ಹಾಕಿದ ಝೆರಾಕ್ಸ್ ಅಂಗಡಿಯ ಕಟ್ಟೆಯ ಮೇಲೆ ಹೊಟ್ಟೆ ಹಿಡಿದು ಕೂತ ವೀರ ಕಣ್ಣಿಗೆ ಬಿದ್ದ. ಅದೇ ಹೊತ್ತಿಗೆ ಶಶಿಕುಮಾರ ಹಿಂದಿನಿಂದ ಓಡಿಬಂದ.

"ಯಾಕ್ರಿ ಶಿಷ್ಯಾರ, ಆರಾಮ ಅದೀರಿ?" ಎಂದು ಕೈ ಬೀಸಿ ಮುಂದೆ ಹೋದ.

ಸುಕನ್ಯಾ ಬೈಯಲಿಲ್ಲ. ಓಡಣಿಯಿಂದ ಗಂಡನ ಮುಖ ಒರೆಸಿ ಚೀಲದಿಂದ ಅಜವಾನದ ಪೊಟ್ಟಣ ತೆಗೆದಳು. ಮನೆ ಬಿಡುವಾಗಲೇ ಇಟ್ಟುಕೊಂಡಿದ್ದಳು!

ಮನೆಗೆ ಬಂದರೆ ರತ್ನವ್ವ ಬಾಗಿಲಲ್ಲೇ ನಿಂತು ನೆರೆಮನೆಯ ಮಾಳವ್ವನಿಗೆ ಹೇಳುತ್ತಿದ್ದಳು: "ನನ್ನ ಮಗಾ ಇನ್ನ ದಿನಾ ಮೂರೂವರಿಗೆ ಏಳ್ತಾನ, ಪೂಜಿ ಮಾಡ್ತಾನ. ನಾಳೆ ಸೋಮವಾರ, ಪ್ರಸಾದಕ್ಕ ಹೋಳಿಗಿ!"

ಒಂದು ವರ್ಷದ 'ಗುರುಗಳೇ'ಯನ್ನು ಹೇಗೋ ನುಂಗಬಹುದಿತ್ತು. ಇದನ್ನು? ಬಸವಪ್ರಭು ಸುಕನ್ಯಾಳ ಕೈ ಹಿಡಿದು ಒಳಕೋಣೆಗೆ ಎಳೆದೊಯ್ದ.

"ನಿನ್ನ ಕಾಲಿಗೆ ಬೀಳ್ತೇನಿ, ಒಂದು ಉಪಕಾರ ಮಾಡು. ಇವತ್ತ ನನ್ನ ಹಾಸಗಿ ಮಂಚದ ಕೆಳಗ ಹಾಕು. ನಾಳೆ ಅವ್ವ ಎಬ್ಬಸಾಕ ಬಂದ್ರ, ಓಡಾಕ ಹೋಗ್ಯಾರ ಅಂತ ಹೇಳಿಬಿಡು!"